ಬಂದರಿನಿಂದ ಕದ್ರಿಗೆ: ಹೆಸರುಗಳಲ್ಲಿ ಉಳಿದ ಮಂಗಳೂರು

ತುಳುವರಿಗೆ ಅದು ಕುಡ್ಲ. ಕೊಂಕಣಿಗರಿಗೆ ಕೊಡಿಯಾಲ. ಬ್ಯಾರಿಗಳ ಮಾತಿನಲ್ಲಿ ಮೈಕಾಲ. ಕಡಲು ದಾಟಿ ಬಂದ ಅರಬರು ಮಂಜರೂರು ಎಂದು ಬರೆದುಕೊಂಡರು. ಇಂಗ್ಲಿಷರ ‘ಮ್ಯಾಂಗಲೋರ್’ ಸರ್ಕಾರಿ ಕಡತಗಳಿಂದ ಹೊರಬಿದ್ದದ್ದು 2014ರ ನವೆಂಬರ್ 1ರಂದು. ಒಂದೇ ಊರಿಗೆ ಇಷ್ಟು ಹೆಸರುಗಳು ಬರಲು ಮುಖ್ಯ ಕಾರಣ ಬಂದರು. ಬಂದವರೆಲ್ಲ ತಮ್ಮ ನಾಲಗೆಗೆ ಒಗ್ಗುವಂತೆ ಕರೆದರು. ಊರೊಳಗಿನ ಕೇರಿ, ಗುಡ್ಡಗಳ ಹೆಸರುಗಳಲ್ಲೂ ಇಂಥ ಕಥೆಗಳಿವೆ. ಹಳೆ ಬಂದರಿನಿಂದ ಕದ್ರಿಯವರೆಗೆ ನಾಲ್ಕೈದು ಕಿಲೋಮೀಟರ್ ಏರುದಾರಿಯಲ್ಲಿ ನಡೆದರೆ ಅವುಗಳಲ್ಲಿ ಕೆಲವನ್ನು ಕಾಣಬಹುದು.

ನಡಿಗೆ ಆರಂಭವಾಗುವ ಕೇರಿಯ ಹೆಸರೇ ಬಂದರು. ದೊಡ್ಡ ಹಡಗುಗಳು ಈಗ ಇಲ್ಲಿಗೆ ಬರುವುದಿಲ್ಲ. ಉತ್ತರಕ್ಕೆ ಪಣಂಬೂರಿನಲ್ಲಿ 1975ರಲ್ಲಿ ಉದ್ಘಾಟನೆಯಾದ ನವಮಂಗಳೂರು ಬಂದರು ಅವುಗಳನ್ನು ಕರೆದುಕೊಂಡಿತು. ಗುರುಪುರ ನದಿಯ ದಡದ ಹಳೆ ಧಕ್ಕೆಗೆ ಮೀನುಗಾರಿಕೆ ದೋಣಿಗಳೂ ಲಕ್ಷದ್ವೀಪದ ಸರಕಿನ ಹಡಗುಗಳೂ ಉಳಿದುಕೊಂಡವು. ಹೆಂಚಿನ ಮಾಡಿನ ಹಳೆಯ ಗೋದಾಮುಗಳ ನಡುವೆ ಸಾಗುವ ಓಣಿಗಳು ಲಾರಿಗಾಗಿ ಹುಟ್ಟಿದವಲ್ಲ ಎಂಬುದು ಅವುಗಳ ಅಗಲ ನೋಡಿದರೆ ತಿಳಿಯುತ್ತದೆ. ಮರದ ಕೆತ್ತನೆಗೆ ಹೆಸರಾದ ಜೀನತ್ ಬಕ್ಷ್ ಮಸೀದಿ ಇಲ್ಲಿದೆ. ಅದರ ಮೂಲ ಏಳನೆಯ ಶತಮಾನಕ್ಕೆ ಹೋಗುತ್ತದೆ ಎಂಬ ಪ್ರತೀತಿ ಇದೆ.

ಈ ವ್ಯಾಪಾರ ಎಷ್ಟು ಹಳೆಯದು ಎಂಬುದಕ್ಕೆ ಗಟ್ಟಿ ಸಾಕ್ಷಿ ದೊರೆತದ್ದು ದೂರದ ಕೈರೋದಲ್ಲಿ. ಅಲ್ಲಿನ ಯಹೂದಿ ಪ್ರಾರ್ಥನಾಲಯದ ಹಳೆಯ ಕಾಗದಗಳ ರಾಶಿಯಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ವರ್ತಕನ ಪತ್ರಗಳಿದ್ದವು. ಹನ್ನೆರಡನೆಯ ಶತಮಾನದಲ್ಲಿ ಆತ ಹಲವು ವರ್ಷ ಮಂಗಳೂರಿನಲ್ಲಿದ್ದು ಕಾಳುಮೆಣಸು, ಕಬ್ಬಿಣಗಳನ್ನು ಏಡನ್‌ಗೆ ಕಳುಹಿಸುತ್ತಿದ್ದ. ಕಂಚಿನ ಪಾತ್ರೆ ತಯಾರಿಸುವ ಕಾರ್ಖಾನೆಯನ್ನೂ ನಡೆಸುತ್ತಿದ್ದ. 1132ರ ಅಕ್ಟೋಬರ್ 17ರಂದು ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ಬರೆದದ್ದು ಇದೇ ಊರಿನಲ್ಲಿ. ಏಡನ್‌ಗೆ ಹೋಗಿ ಆತನ ಪರವಾಗಿ ವ್ಯವಹಾರ ನಡೆಸಿದ ದಾಸನ ಹೆಸರು ತುಳುನಾಡಿನ ‘ಬೊಮ್ಮ’ ಎಂದು ಲೇಖಕ ಅಮಿತಾವ್ ಘೋಷ್ ಗುರುತಿಸಿದರು. ಊರಿನ ಯಾವ ರಸ್ತೆಯ ಹೆಸರಿನಲ್ಲೂ ಕಾಣದ ಸಾಮಾನ್ಯನೊಬ್ಬ ಪರದೇಶದ ಲೆಕ್ಕಪತ್ರದಲ್ಲಿ ಉಳಿದುಕೊಂಡ.

ಬಂದರು ಬಿಟ್ಟು ಪೂರ್ವಕ್ಕೆ ಹೊರಟರೆ ಹಂಪನಕಟ್ಟೆ. ಬಸ್ಸು, ರಿಕ್ಷಾಗಳ ಗದ್ದಲದ ನಡುವೆ ಮಿಲಾಗ್ರಿಸ್ ಚರ್ಚ್ ಇದೆ. 1680ರಲ್ಲಿ ಸ್ಥಾಪನೆಯಾದ ಈ ಚರ್ಚ್ 1784ರಲ್ಲಿ, ಟಿಪ್ಪುವಿನ ಕಾಲದಲ್ಲಿ ನೆಲಸಮವಾಗಿ, ಅನಂತರ ಮತ್ತೆ ಎದ್ದಿತು. ಎರಡನೆಯ ಮೈಸೂರು ಯುದ್ಧವನ್ನು ಮುಗಿಸಿದ ಒಪ್ಪಂದಕ್ಕೆ ಮಂಗಳೂರಿನಲ್ಲಿ ಸಹಿ ಬಿದ್ದದ್ದೂ ಅದೇ ವರ್ಷ, ಮಾರ್ಚ್ 11ರಂದು.

ಇಲ್ಲಿಂದ ಏರು ಶುರು. ಮೇಲಿನ ಗುಡ್ಡಕ್ಕೆ ಇಂಗ್ಲಿಷಿನಲ್ಲಿ ಲೈಟ್‌ಹೌಸ್ ಹಿಲ್, ಜನರ ಬಾಯಲ್ಲಿ ಬಾವುಟಗುಡ್ಡ. ಎರಡು ಹೆಸರುಗಳಿಗೂ ಬೇರೆ ಬೇರೆ ಒಡೆಯರಿದ್ದಾರೆ. 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಇಂಗ್ಲಿಷರು ಅದರ ಭಾಗವಾಗಿದ್ದ ಪುತ್ತೂರು, ಸುಳ್ಯದ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಅದುವರೆಗೆ ಬೆಳೆದ ಧಾನ್ಯದಲ್ಲೇ ಕಂದಾಯ ಸಲ್ಲುತ್ತಿತ್ತು. ಇನ್ನು ಮುಂದೆ ರೊಕ್ಕವೇ ಬೇಕೆಂದರು. ಕಾಡಿನಂಚಿನ ರೈತ ರೊಕ್ಕ ಎಲ್ಲಿಂದ ತಂದಾನು? 1837ರಲ್ಲಿ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ದಂಡು ಕಟ್ಟಿಕೊಂಡು ಹೊರಟವರು ಬೆಳ್ಳಾರೆಯ ಖಜಾನೆ ಹಿಡಿದು, ಏಪ್ರಿಲ್ 5ರಂದು ಮಂಗಳೂರಿಗೇ ಬಂದರು. ಸುಮಾರು ಎರಡು ವಾರ ಪಟ್ಟಣ ಅವರ ಕೈಯಲ್ಲಿತ್ತು. ಆಗ ಅವರು ಗುಡ್ಡದ ಮೇಲೆ ಬಾವುಟ ಏರಿಸಿದ್ದರಿಂದಲೇ ಈ ಹೆಸರು ಎಂಬುದು ಜನರ ನಂಬಿಕೆ. ಇಂಗ್ಲಿಷರ ಸೈನ್ಯ ಬಂದ ಮೇಲೆ ನಾಯಕರು ನೇಣಿಗೇರಿದರು. ಬಹುಕಾಲ ಆ ಬಂಡಾಯವನ್ನು ‘ಕಲ್ಯಾಣಪ್ಪನ ಕಾಟುಕಾಯಿ’, ಅಂದರೆ ಲೂಟಿ, ಎಂದೇ ಕರೆಯುತ್ತಿದ್ದರು. ಇತಿಹಾಸಕಾರರು ಅದನ್ನು ಅಮರ ಸುಳ್ಯದ ರೈತ ಹೋರಾಟ ಎಂದು ಕರೆದದ್ದು ತಡವಾಗಿ. ನಾಯಕರಲ್ಲೊಬ್ಬರಾದ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಇದೇ ಗುಡ್ಡದಲ್ಲಿ ನಿಂತದ್ದು 2022ರಲ್ಲಿ, ಅಂದರೆ 185 ವರ್ಷಗಳ ಬಳಿಕ. ದೀಪಸ್ತಂಭದ ಕೆಲಸ ಎಂದೋ ಸುರತ್ಕಲ್ಲಿಗೆ ಹೋಯಿತು. ಎರಡು ವಾರದ ಬಾವುಟದ ನೆನಪು ಮಾತ್ರ ಗುಡ್ಡ ಬಿಟ್ಟು ಇಳಿದಿಲ್ಲ. ಹೆಸರಿನ ಜಗಳವೂ ಇಳಿದಂತಿಲ್ಲ. 2017ರಲ್ಲಿ ಗುಡ್ಡದ ರಸ್ತೆಗೆ ಹೊಸ ಹೆಸರಿಡುವ ವಿಚಾರದಲ್ಲಿ ಊರೇ ಎರಡಾಗಿತ್ತು.

ಅದೇ ಗುಡ್ಡದ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ಒಳಹೊಕ್ಕರೆ ಗೋಡೆ, ಛಾವಣಿಗಳೆಲ್ಲ ಚಿತ್ರ. ಇಟಲಿಯ ಜೆಸುಯಿಟ್ ಸೋದರ ಅಂತೋನಿಯೊ ಮೊಸ್ಕೇನಿ 1899ರಿಂದ ಸುಮಾರು ಎರಡೂವರೆ ವರ್ಷ ಬಿಡಿಸಿದ್ದಿವು.

ಮುಂದಿನ ಬಲ್ಮಠದಲ್ಲಿ ಪತ್ರಿಕೆ ಓದುವವರು ಒಂದು ಗಳಿಗೆ ನಿಲ್ಲಬೇಕು. 1834ರಲ್ಲಿ ಬಂದ ಬಾಸೆಲ್ ಮಿಶನ್ನಿನವರು ಇಲ್ಲಿ ನೆಲೆಯೂರಿ ಕಲ್ಲಚ್ಚಿನ ಮುದ್ರಣ ತೆರೆದರು. ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಹೊರತಂದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ಅದು ಮರುವರ್ಷವೇ ಬಳ್ಳಾರಿಗೆ ಹೋಗಿ ಹೆಸರು ಬದಲಿಸಿತು. ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದು ಇದೇ ಮಿಶನ್ನಿನ ಮುದ್ರಣಾಲಯದಲ್ಲಿ. ಆದರೆ ಊರಿನ ಹೆಸರನ್ನು ಪತ್ರಿಕೆಗಿಂತ ದೂರ ಒಯ್ದದ್ದು ಮಿಶನ್ನಿನವರದೇ ಹೆಂಚು. ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ತೆರೆದ ಕಾರ್ಖಾನೆಯಲ್ಲಿ ನದಿಯ ಜೇಡಿಯಿಂದ ತಯಾರಾದ ಆ ಹೆಂಚಿಗೆ, ಯಾವ ಊರಲ್ಲಿ ಸುಟ್ಟರೂ, ಈಗಲೂ ಮಂಗಳೂರು ಹೆಂಚು ಎಂದೇ ಹೆಸರು.

ದಾರಿಯ ಕೊನೆ ಕದ್ರಿ. ಎತ್ತರದ ಈ ಜಾಗದಲ್ಲಿ ಹೆಸರೂ ಹಳೆಯದು. ಮಂಜುನಾಥ ದೇವಸ್ಥಾನದಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹದ ಪೀಠದಲ್ಲಿ, ಕ್ರಿ.ಶ. 968ರಲ್ಲಿ ಆಳುಪ ದೊರೆ ಕುಂದವರ್ಮ ಅದನ್ನು ‘ಕದರಿಕಾ ವಿಹಾರ’ದಲ್ಲಿ ಪ್ರತಿಷ್ಠಾಪಿಸಿದ ಎಂದು ಕೆತ್ತಲಾಗಿದೆ. ವಿಹಾರ ಎಂಬ ಮಾತು ಬೌದ್ಧರದು. ನಾಥಪಂಥದ ಜೋಗಿ ಮಠ ದೇವಸ್ಥಾನದ ಹಿಂದಿನ ಗುಡ್ಡದ ಮೇಲಿದೆ. ನಡೆದು ಬಂದವರು ಅಲ್ಲಿಗೆ ಇನ್ನಷ್ಟು ಮೆಟ್ಟಿಲು ಹತ್ತಬೇಕು.