ಪರೇಲಿನಲ್ಲಿ ಪತ್ತೆಯಾದ ರಕ್ತ

ರಕ್ತನಿಧಿಗೆ ಕೆಲಸ ಕಲಿಯಲು ಬರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಕಲಿಸುವುದು ಒಂದು ಶಿಸ್ತು. ಗ್ರೂಪನ್ನು ಎರಡು ಕಡೆಯಿಂದ ನೋಡಬೇಕು. ಕೆಂಪು ಕಣಗಳಿಗೆ ನೀಲಿ ಬಣ್ಣದ ಆಂಟಿ-ಎ, ಹಳದಿ ಬಣ್ಣದ ಆಂಟಿ-ಬಿ ಹಾಕಿ ನೋಡಿದರೆ ಅರ್ಧ ಕೆಲಸ ಆಯಿತು. ಅದೇ ವ್ಯಕ್ತಿಯ ಸೀರಮ್‌ಗೆ ಗೊತ್ತಿರುವ ಎ, ಬಿ, ಓ ಕಣಗಳನ್ನು ಬೆರೆಸಿ ನೋಡಿದಾಗಲೇ ಉಳಿದರ್ಧ ಮುಗಿಯುವುದು. ಎಷ್ಟೇ ತುರ್ತಿರಲಿ, ಆ ಓ ಕಣದ ಟ್ಯೂಬನ್ನು ಬಿಡಕೂಡದು. ಏಕೆಂದು ಕೇಳಿದವರಿಗೆ ಪರೇಲಿನ ಚರಿತ್ರೆ ಹೇಳುತ್ತೇನೆ.

ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ರಕ್ತದ ಗುಂಪುಗಳನ್ನು ಗುರುತಿಸಿದ ಮೇಲೆ, ಓ ಕಣ ಸಾಮಾನ್ಯವಾಗಿ ಯಾರ ಸೀರಮ್‌ನಲ್ಲೂ ಮುದ್ದೆಗಟ್ಟುವುದಿಲ್ಲ ಎಂಬುದು ರೂಢಿಯ ತಿಳುವಳಿಕೆಯಾಯಿತು. ಅದನ್ನು ಅಲುಗಿಸಿದ್ದು ಬಾಂಬೆಯ ಪರೇಲಿನ ಕೆಇಎಂ ಆಸ್ಪತ್ರೆ ಮತ್ತು ಅದಕ್ಕೆ ಸೇರಿದ ಸೇಠ್ ಜಿ.ಎಸ್. ವೈದ್ಯಕೀಯ ಕಾಲೇಜು. ಅಲ್ಲಿನ ವೈ.ಎಂ. ಭೇಂಡೆ, ಸಿ.ಕೆ. ದೇಶಪಾಂಡೆ, ಎಚ್.ಎಂ. ಭಾಟಿಯಾ ಅವರಿಗೆ ಮೂವರು ಸಿಕ್ಕರು. ಕಣ ನೋಡಿದರೆ ಎ ಇಲ್ಲ, ಬಿ ಇಲ್ಲ, ಅಂದರೆ ಓ. ಆದರೆ ಅವರ ಸೀರಮ್ ಎ, ಬಿ ಕಣಗಳಷ್ಟೇ ಅಲ್ಲ, ಓ ಕಣಗಳನ್ನೂ ಮುದ್ದೆಗಟ್ಟಿಸುತ್ತಿತ್ತು. ರಾಸಾಯನಿಕ ಕೆಟ್ಟಿರಬೇಕು ಎಂದು ಸುಮ್ಮನಾಗುವುದು ಸುಲಭವಿತ್ತು. ಅವರು ಸುಮ್ಮನಾಗಲಿಲ್ಲ. ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿದ್ದ ರೂತ್ ಸ್ಯಾಂಗರ್, ರಾಬರ್ಟ್ ರೇಸ್, ವಾಲ್ಟರ್ ಮಾರ್ಗನ್, ವಿನಿಫ್ರೆಡ್ ವಾಟ್ಕಿನ್ಸ್ ಜೊತೆಗೂಡಿದರು. 1952ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಏಳೂ ಮಂದಿಯ ಹೆಸರಿನಲ್ಲಿ ಎರಡು ಪುಟದ ವರದಿ ಬಂತು. ಮುಂದೆ ಆ ರಕ್ತಕ್ಕೆ ಬಾಂಬೆ ಗ್ರೂಪ್ ಎಂಬ ಹೆಸರೇ ನಿಂತಿತು.

ಆ ಮೂವರಲ್ಲಿ ಇಲ್ಲದ್ದು ಏನೆಂಬುದು ಮುಂದಿನ ವರ್ಷಗಳಲ್ಲಿ ತಿಳಿಯುತ್ತಾ ಹೋಯಿತು. ರಕ್ತದ ಗುಂಪನ್ನು ತೀರ್ಮಾನಿಸುವುದು ಸಕ್ಕರೆ ಎಂದು ತೋರಿಸಿದವರೇ ಮಾರ್ಗನ್ ಮತ್ತು ವಾಟ್ಕಿನ್ಸ್. ಕೆಂಪು ಕಣದ ಮೈಮೇಲೆ ಸಕ್ಕರೆಯ ಸರಪಳಿಗಳು ಚಾಚಿಕೊಂಡಿರುತ್ತವೆ. ಫ್ಯೂಕೋಸಿಲ್ ಟ್ರಾನ್ಸ್‌ಫರೇಸ್ ಎಂಬ ಕಿಣ್ವ ಅವುಗಳ ತುದಿಗೆ ಫ್ಯೂಕೋಸ್ ಎಂಬ ಸಕ್ಕರೆಯನ್ನು ಜೋಡಿಸುತ್ತದೆ. ಹೀಗೆ ಆದದ್ದೇ ಎಚ್. ಅದರ ಮೇಲೆ ಎ ಕಿಣ್ವ ಒಂದು ಬಗೆಯ ಸಕ್ಕರೆಯನ್ನೂ ಬಿ ಕಿಣ್ವ ಇನ್ನೊಂದನ್ನೂ ಸೇರಿಸುತ್ತವೆ. ಓ ಗುಂಪಿನವರಲ್ಲಿ ಎಚ್ ಹಾಗೇ ಉಳಿಯುತ್ತದೆ. ಬಾಂಬೆ ಗ್ರೂಪಿನವರಲ್ಲಿ ಫ್ಯೂಕೋಸ್ ಸೇರಿಸುವ ಕಿಣ್ವವೇ ಕೆಲಸ ಮಾಡದು. ಎಚ್ ಇಲ್ಲವಾದ್ದರಿಂದ ಎ, ಬಿ ಕಿಣ್ವಗಳಿದ್ದರೂ ಅವಕ್ಕೆ ಕೈಯಿಡಲು ಜಾಗವಿಲ್ಲ.

1955ರಲ್ಲಿ ಅಮೆರಿಕದ ಫಿಲಿಪ್ ಲೆವಿನ್ ಮತ್ತು ಸಂಗಡಿಗರು ಇದಕ್ಕೆ ಒಂದು ಕುಟುಂಬದ ಪುರಾವೆ ಕೊಟ್ಟರು. ಓ ಎಂದು ಕಾಣುತ್ತಿದ್ದ ತಾಯಿ ತನ್ನ ಮಗುವಿಗೆ ಬಿ ಗುಣವನ್ನು ದಾಟಿಸಿದ್ದಳು. ಅವಳಲ್ಲಿ ಬಿ ಇತ್ತು, ತೋರಿರಲಿಲ್ಲ ಅಷ್ಟೆ. ಎಚ್‌ನ ಜೀನ್ 19ನೇ ವರ್ಣತಂತುವಿನಲ್ಲಿ, ಎ-ಬಿ ಜೀನ್ 9ನೇ ವರ್ಣತಂತುವಿನಲ್ಲಿ ಇರುವುದರಿಂದ ಎರಡೂ ಬೇರೆ ಬೇರೆಯಾಗಿ ಇಳಿದು ಬರುತ್ತವೆ. ‘ಓ ತಾಯಿಗೆ ಬಿ ಮಗು ಹೇಗೆ’ ಎಂದು ಯಾವ ಹೆಣ್ಣಿನ ಮೇಲಾದರೂ ಅನುಮಾನ ಪಡುವ ಮುಂಚೆ ಈ ಕುಟುಂಬವನ್ನು ನೆನೆಯಬೇಕು ಎಂದು ನಾನು ಪ್ರತಿ ತಂಡಕ್ಕೂ ಹೇಳುತ್ತೇನೆ.

ಫ್ಯೂಕೋಸ್ ಸೇರಿಸುವ ಕಿಣ್ವ ಕೆಲಸ ಮಾಡದಿದ್ದರೂ ಬಾಂಬೆ ಗ್ರೂಪಿನವರ ಆರೋಗ್ಯಕ್ಕೇನೂ ಕೊರತೆಯಿಲ್ಲ. ಕಷ್ಟ ಬರುವುದು ರಕ್ತ ಬೇಕಾದಾಗ. ಅವರ ಸೀರಮ್‌ನಲ್ಲಿರುವ ಆಂಟಿ-ಎಚ್ ಎಂಬ ಪ್ರತಿಕಾಯ, ಒಳಗೆ ಹೋದ ಓ ಕಣಗಳನ್ನು ಒಡೆದುಹಾಕುತ್ತದೆ. 1982ರಲ್ಲಿ ನ್ಯೂಯಾರ್ಕಿನ ಜ್ಯಾಕ್ ಗೋಲ್ಡ್‌ಸ್ಟೈನ್ ತಂಡ, ಹುರಿಯದ ಕಾಫಿ ಬೀಜದಿಂದ ತೆಗೆದ ಕಿಣ್ವದಿಂದ ಬಿ ಕಣದ ತುದಿಯ ಸಕ್ಕರೆ ಕತ್ತರಿಸಿ ಅದನ್ನು ಓ ಮಾಡಿತು. ದೊಡ್ಡ ಸಾಧನೆ ಅದು. ಆದರೆ ಬಿ ಹೋದರೂ ಎಚ್ ಉಳಿಯುವುದರಿಂದ ಬಾಂಬೆ ಗ್ರೂಪಿನವರಿಗೆ ಆ ರಕ್ತವೂ ಆಗದು. ಅವರಿಗೆ ಅವರದೇ ಗುಂಪಿನ ಮನುಷ್ಯ ಬೇಕು.

ಭಾರತದಲ್ಲಿ ಸುಮಾರು 10,000 ಜನರಲ್ಲಿ ಒಬ್ಬರು ಈ ಗುಂಪಿನವರೆಂದು ಅಂದಾಜು. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬಂದರೆ ಮಾತ್ರ ಹೀಗಾಗುತ್ತದೆ. ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ತಂದುಕೊಳ್ಳುವ ರೂಢಿಯಿರುವ ನಮ್ಮ ಕರ್ನಾಟಕದ ಮನೆತನಗಳಲ್ಲಿ ಆ ಸಾಧ್ಯತೆ ಹೆಚ್ಚು. ಆದ್ದರಿಂದ ಓ ಎಂದು ಕಂಡವರ ಸೀರಮ್ ಓ ಟ್ಯೂಬಿನ ಕಣಗಳನ್ನು ಮುದ್ದೆಗಟ್ಟಿಸಿದರೆ, ಅವರ ಕಣಗಳಿಗೆ ಆಂಟಿ-ಎಚ್ ಹಾಕಿ ಖಚಿತ ಮಾಡಿಕೊಳ್ಳಿ. ಅಲ್ಲಿಗೇ ನಿಲ್ಲಬೇಡಿ. ಅವರ ಅಣ್ಣ ತಮ್ಮ, ಅಕ್ಕ ತಂಗಿಯರನ್ನೂ ಕರೆಸಿ. ಒಡಹುಟ್ಟಿದ ಪ್ರತಿಯೊಬ್ಬರಲ್ಲೂ ಅದೇ ರಕ್ತ ಇರುವ ಸಂಭವ ಕನಿಷ್ಠ ನಾಲ್ಕರಲ್ಲೊಂದು ಪಾಲು. ಇಡೀ ಊರು ಹುಡುಕುವ ಮೊದಲು ಅದೇ ಮನೆಯಲ್ಲಿ ದಾನಿ ಸಿಗಬಹುದು.