ಹೊಗೆ ಹೋಗಿ ಆವಿ ಬಂತು

ಕೆಲವು ತಿಂಗಳ ಹಿಂದಿನ ಮಾತು. ನಮ್ಮ ಸಂಘದ ಮಕ್ಕಳ ಕನ್ನಡ ತರಗತಿ ಮುಗಿದ ಮೇಲೆ ತಾಯಿಯೊಬ್ಬರು, ಮಗನ ಶಾಲೆಯ ಚೀಲದಲ್ಲಿ ಸಿಕ್ಕಿತೆಂದು ಬೆರಳುದ್ದದ ವಸ್ತುವೊಂದನ್ನು ನನ್ನ ಮುಂದಿಟ್ಟು, "ಇದು ಕಂಪ್ಯೂಟರಿಗೆ ಹಾಕುವ ಪೆನ್ ಡ್ರೈವ್ ತಾನೆ?" ಎಂದು ಕೇಳಿದರು. ಅಲ್ಲ, ಅದು ಇ-ಸಿಗರೇಟು. ಮೂಗಿಗೆ ಹಿಡಿದರೆ ಮಾವಿನ ಹಣ್ಣಿನ ಪರಿಮಳ. ನಮ್ಮ ಕಾಲದ ತಂದೆಗಳಿಗೆ ಇಂಥ ಕಷ್ಟವಿರಲಿಲ್ಲ. ಮಗ ಬೀಡಿ ಸೇದಿ ಬಂದನೆಂದರೆ ಅಂಗಿಯೇ ಚಾಡಿ ಹೇಳುತ್ತಿತ್ತು. ಈಗ ಗಂಡಹೆಂಡಿರಿಬ್ಬರೂ ಬೆಳಗಿನ ಲೋಕಲ್ ಹಿಡಿದು ದೀಪ ಹತ್ತುವ ಹೊತ್ತಿಗೆ ಮನೆ ಸೇರುವ ನಮ್ಮಂಥ ಸಂಸಾರಗಳಲ್ಲಿ, ವಾಸನೆಯೇ ಇಲ್ಲದ ಚಟವನ್ನು ಹಿಡಿಯುವುದು ಹೇಗೆ?

ಆ ತಾಯಿ ಇನ್ನೊಂದು ಪ್ರಶ್ನೆ ಕೇಳಿದರು. "ಇದನ್ನು ಸರಕಾರ ನಿಷೇಧಿಸಿದೆಯಂತೆ. ಹಾಗಾದರೆ ಇದರ ಹಿಂದೆ ಇರುವವರು ಯಾರು?" ಅದಕ್ಕೆ ಒಂದೇ ಮಾತಿನಲ್ಲಿ ಉತ್ತರ ಹೇಳಲಾಗಲಿಲ್ಲ. ಅದೊಂದು ಎಪ್ಪತ್ತು ವರ್ಷಗಳ ಕಥೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

1950ರಲ್ಲಿ ಇಂಗ್ಲೆಂಡಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಎಂಬಿಬ್ಬರು ವಿಜ್ಞಾನಿಗಳು ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿದರು. ಮೂರು ವರ್ಷಗಳ ನಂತರ ಅಮೇರಿಕದಲ್ಲಿ, ಸಿಗರೇಟಿನ ಟಾರು ಬಳಿದ ಇಲಿಗಳ ಚರ್ಮದಲ್ಲಿ ಗೆಡ್ಡೆ ಎದ್ದಿತು. ಕಂಪೆನಿಗಳ ಷೇರು ಕುಸಿಯಿತು. 1953ರ ಡಿಸೆಂಬರಿನಲ್ಲಿ ಅಲ್ಲಿನ ದೊಡ್ಡ ಸಿಗರೇಟು ಕಂಪೆನಿಗಳ ಮುಖ್ಯಸ್ಥರು ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಸೇರಿ, ಜಾನ್ ಹಿಲ್ ಎಂಬ ಪ್ರಚಾರ ತಜ್ಞನ ಸಲಹೆ ಪಡೆದರು. ಅದರ ಫಲವಾಗಿ 1954ರ ಜನವರಿ 4ರಂದು ನಾನೂರಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಪೂರ್ಣಪುಟದ ಜಾಹೀರಾತೊಂದು ಬಂತು. ನಮ್ಮ ಸರಕು ಅಪಾಯಕಾರಿಯೆಂದು ನಾವು ನಂಬುವುದಿಲ್ಲ, ಆದರೂ ನಿಮ್ಮ ಆರೋಗ್ಯವೇ ನಮ್ಮ ಮೊದಲ ಹೊಣೆ, ಸಂಶೋಧನೆಗೆ ನಾವೇ ಹಣ ಕೊಡುತ್ತೇವೆ ಎಂಬುದು ಅದರ ಸಾರಾಂಶ. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವುದು ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಅಂದಿನಿಂದ ಕಂಪೆನಿಗಳು ಎರಡು ಕೈಗಳಿಂದ ಕೆಲಸ ಮಾಡಿದವು. ಒಂದು ಕೈ ವಿಜ್ಞಾನದ ಬಗ್ಗೆ ಸಂದೇಹ ಬಿತ್ತುತ್ತಿತ್ತು. ಇನ್ನೊಂದು ಕೈ, ಹೆದರಿದ ಗಿರಾಕಿಗೆ "ಸುರಕ್ಷಿತ"ವೆನಿಸುವ ಹೊಸ ಸರಕನ್ನು ನೀಡುತ್ತಿತ್ತು. ಮೊದಲು ಫಿಲ್ಟರ್ ಬಂತು. ಐವತ್ತರ ದಶಕದಲ್ಲಿ ಬಹಳ ಹೆಸರು ಮಾಡಿದ ಕೆಂಟ್ ಸಿಗರೇಟಿನ ಫಿಲ್ಟರಿನಲ್ಲಿದ್ದುದು ಕಲ್ನಾರು, ಅದೇ ಒಂದು ಕ್ಯಾನ್ಸರ್‌ಕಾರಕ! ಆಮೇಲೆ "ಲೈಟ್" ಸಿಗರೇಟು ಬಂತು. ಯಂತ್ರದಲ್ಲಿ ಅಳೆದರೆ ಅದರಲ್ಲಿ ಟಾರು ಕಡಿಮೆ. ಮನುಷ್ಯ ಮಾತ್ರ ಇನ್ನಷ್ಟು ಆಳವಾಗಿ ಎಳೆದು ಸರಿದೂಗಿಸಿಕೊಳ್ಳುತ್ತಿದ್ದ. 1994ರಲ್ಲಿ ಏಳು ಕಂಪೆನಿಗಳ ಮುಖ್ಯಸ್ಥರು ಅಮೇರಿಕದ ಸಂಸತ್ತಿನ ಸಮಿತಿಯ ಮುಂದೆ ಪ್ರಮಾಣ ಮಾಡಿ, ನಿಕೋಟಿನ್ ಚಟ ಹಿಡಿಸುತ್ತದೆಂದು ತಾವು ನಂಬುವುದಿಲ್ಲವೆಂದರು. ಆದರೆ ಅವರದೇ ಕಂಪೆನಿಯೊಂದರ ವಕೀಲ 1963ರಲ್ಲಿಯೇ ಒಳಟಿಪ್ಪಣಿಯೊಂದರಲ್ಲಿ ಇದಕ್ಕೆ ವಿರುದ್ಧವಾದುದನ್ನು ಬರೆದಿಟ್ಟಿದ್ದ. 2006ರಲ್ಲಿ ನ್ಯಾಯಾಧೀಶೆ ಗ್ಲಾಡಿಸ್ ಕೆಸ್ಲರ್, ಈ ಕಂಪೆನಿಗಳು ದಶಕಗಳ ಕಾಲ ಜನರನ್ನು ವಂಚಿಸಿದವೆಂದು ತೀರ್ಪಿತ್ತರು. ಆ ತೀರ್ಪಿನಂತೆ ಕಂಪೆನಿಗಳು ಪತ್ರಿಕೆಗಳಲ್ಲಿ ಸತ್ಯವನ್ನು ಪ್ರಕಟಿಸಿದ್ದು 2017ರ ನವೆಂಬರಿನಲ್ಲಿ. ಮೊದಲ ಜಾಹೀರಾತಿಗೂ ಇದಕ್ಕೂ ನಡುವಿನ ಅಂತರ ಅರವತ್ತಮೂರು ವರ್ಷಗಳು. ಅಷ್ಟರಲ್ಲಿ ಆ ಮೊದಲ ಜಾಹೀರಾತನ್ನು ಓದಿ ನಂಬಿದವರಲ್ಲಿ ಎಷ್ಟು ಮಂದಿ ಉಳಿದಿದ್ದಾರು?

ಇನ್ನು ಹೊಗೆಯಿಲ್ಲದ ಸಿಗರೇಟಿನ ವಿಚಾರ. ಅಮೇರಿಕದ ಹರ್ಬರ್ಟ್ ಗಿಲ್ಬರ್ಟ್ ಎಂಬಾತ 1965ರಲ್ಲಿಯೇ ಇಂಥದೊಂದಕ್ಕೆ ಪೇಟೆಂಟು ಪಡೆದಿದ್ದ, ಕೊಳ್ಳುವವರಿರಲಿಲ್ಲ. ಬ್ರಿಟಿಷ್ ಅಮೇರಿಕನ್ ಟೊಬ್ಯಾಕೊ ಕಂಪೆನಿಯೂ ಅರವತ್ತರ ದಶಕದಲ್ಲಿ "ಏರಿಯಲ್" ಎಂಬ ಸಾಧನವನ್ನು ರೂಪಿಸಿ ಬದಿಗಿಟ್ಟಿತು. 1988ರಲ್ಲಿ ರೆನಾಲ್ಡ್ಸ್ ಕಂಪೆನಿ "ಪ್ರೀಮಿಯರ್" ಎಂಬುದನ್ನು ಪೇಟೆಗೆ ತಂದು, ರುಚಿ ಯಾರಿಗೂ ಹಿಡಿಸದೆ ಮರುವರ್ಷವೇ ಹಿಂತೆಗೆದುಕೊಂಡಿತು. ಕಂಪೆನಿಗಳಿಗೆ ಇಲ್ಲೊಂದು ಧರ್ಮಸಂಕಟವಿತ್ತು. "ಇದು ಸುರಕ್ಷಿತ" ಎಂದರೆ, "ಹಾಗಾದರೆ ಅದು?" ಎಂಬ ಪ್ರಶ್ನೆ ಹಿಂದೆಯೇ ಬರುತ್ತದಲ್ಲವೇ!

ಹೀಗಾಗಿ ದಾರಿ ತೆರೆದವನು ಹೊರಗಿನವನು. ಹಾನ್ ಲಿಕ್ ಎಂಬ ಚೀನೀ ಔಷಧಶಾಸ್ತ್ರಜ್ಞ 2003ರ ಸುಮಾರಿಗೆ ಈಗಿನ ಇ-ಸಿಗರೇಟನ್ನು ರೂಪಿಸಿದ. ಆತ ಸ್ವತಃ ವಿಪರೀತ ಸಿಗರೇಟು ಸೇದುತ್ತಿದ್ದವನು. ತಂದೆ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡವರು. ಇದರ ಕೆಲಸ ಸರಳ. ಬ್ಯಾಟರಿಯ ವಿದ್ಯುತ್ತಿನಿಂದ ಸಣ್ಣ ತಂತಿಯ ಸುರುಳಿ ಕಾದು, ನಿಕೋಟಿನ್ ಮತ್ತು ಪರಿಮಳ ಬೆರೆಸಿದ ದ್ರವವನ್ನು ಆವಿಯಾಗಿಸುತ್ತದೆ. ಏನೂ ಸುಡುವುದಿಲ್ಲವಾದ್ದರಿಂದ ಟಾರಿಲ್ಲ, ಹೊಗೆಯ ಇಂಗಾಲದ ಮಾನಾಕ್ಸೈಡ್ ಇಲ್ಲ. ನಿಕೋಟಿನ್ ಮಾತ್ರ ಇದೆ, ಅದರ ಚಟವೂ ಇದೆ. ಚಟ ಬಿಡಲಾರದವನೊಬ್ಬ ತನ್ನಂಥವರಿಗಾಗಿ ಮಾಡಿದ ವಸ್ತು ಇದು. 2013ರಲ್ಲಿ ಇದರ ಪೇಟೆಂಟುಗಳನ್ನು ಇಂಪೀರಿಯಲ್ ಟೊಬ್ಯಾಕೊ ಕಂಪೆನಿ ಏಳೂವರೆ ಕೋಟಿ ಡಾಲರು ಕೊಟ್ಟು ಕೊಂಡಿತು.

ಇನ್ನು ಕಾನೂನಿನ ಭಾಗ. ಆಹಾರ ಮತ್ತು ಔಷಧ ಇಲಾಖೆಗೆ ತಮ್ಮ ಮೇಲೆ ಅಧಿಕಾರವಿಲ್ಲವೆಂದು ವಾದಿಸಿ, ಸಿಗರೇಟು ಕಂಪೆನಿಗಳು 2000ದಲ್ಲಿ ಅಮೇರಿಕದ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿದ್ದವು. 2009ರ ಜೂನಿನಲ್ಲಿ ಹೊಸ ಕಾಯಿದೆಯೊಂದು ಆ ಅಧಿಕಾರವನ್ನು ಕೊಟ್ಟಿತು. ಅಚ್ಚರಿಯೆಂದರೆ, ಮಾರ್ಲ್‌ಬರೊ ತಯಾರಿಸುವ ಫಿಲಿಪ್ ಮಾರಿಸ್ ಕಂಪೆನಿಯೇ ಈ ಕಾಯಿದೆಯನ್ನು ಬೆಂಬಲಿಸಿತು. ಕಾರಣ ಕಾಯಿದೆಯೊಳಗೇ ಇದೆ. 2007ರ ಫೆಬ್ರವರಿ 15ಕ್ಕೆ ಪೇಟೆಯಲ್ಲಿದ್ದ ಸರಕು ಹಾಗೆಯೇ ಮುಂದುವರಿಯಬಹುದು. ಆಮೇಲೆ ಬಂದದ್ದು ಮಾತ್ರ ಅಪ್ಪಣೆ ಪಡೆಯಬೇಕು. ಹಳೆಯ ಸಿಗರೇಟಿಗೆ ಹಳತಾಗಿರುವುದೇ ಪರವಾನಗಿ!

ಅದೇ ಸಮಯದಲ್ಲಿ ಇಲಾಖೆ ಇ-ಸಿಗರೇಟುಗಳನ್ನು ಔಷಧದ ಸಾಧನಗಳೆಂದು ಬಗೆದು ಬಂದರಿನಲ್ಲಿಯೇ ತಡೆಯಿತು. ಆಮದುದಾರರು ಕೋರ್ಟಿಗೆ ಹೋದರು. ಔಷಧವೆಂದಾದರೆ ಗುಣವನ್ನೂ ಸುರಕ್ಷತೆಯನ್ನೂ ಸಾಧಿಸಿ ತೋರಿಸಬೇಕು. ಆದ್ದರಿಂದ ತಮ್ಮದು ತಂಬಾಕಿನ ಸರಕೇ ಎಂದು ಅವರು ವಾದಿಸಿದರು. 2010ರ ಡಿಸೆಂಬರಿನಲ್ಲಿ ಕೋರ್ಟು ಒಪ್ಪಿತು. ಇಲಾಖೆಯ ನಿಯಮಗಳು ಜಾರಿಗೆ ಬಂದದ್ದು 2016ರ ಆಗಸ್ಟಿನಲ್ಲಿ. ನಡುವಿನ ಐದಾರು ವರ್ಷ ಬಾಗಿಲು ಹಾರುಹೊಡೆದಿತ್ತು.

ಆ ಬಾಗಿಲಿನಿಂದ ದೊಡ್ಡವರು ಒಳಗೆ ಬಂದರು. 2012ರಲ್ಲಿ ಲೊರಿಲಾರ್ಡ್ ಕಂಪೆನಿ "ಬ್ಲೂ" ಎಂಬ ಇ-ಸಿಗರೇಟನ್ನು ಹದಿಮೂರೂವರೆ ಕೋಟಿ ಡಾಲರಿಗೆ ಕೊಂಡಿತು. 2013ರಲ್ಲಿ ರೆನಾಲ್ಡ್ಸ್ "ವ್ಯೂಸ್" ತಂದರೆ, ಫಿಲಿಪ್ ಮಾರಿಸಿನ ಮಾತೃಸಂಸ್ಥೆ ಆಲ್ಟ್ರಿಯಾ "ಮಾರ್ಕ್‌ಟೆನ್" ತಂದಿತು. ಒಳಗೆ ಬಂದ ಮೇಲೆ ಬಾಗಿಲು ಹಾಕುವ ಮಾತು. ಗಿರಾಕಿಯೇ ದ್ರವ ತುಂಬಿಕೊಳ್ಳುವ ತೆರೆದ ಮಾದರಿಯ ಸಾಧನಗಳನ್ನು ನಿಷೇಧಿಸಬೇಕೆಂದು 2014ರಲ್ಲಿ ರೆನಾಲ್ಡ್ಸ್ ಇಲಾಖೆಗೆ ಬರೆಯಿತು. ಅವುಗಳನ್ನು ಮಾರುತ್ತಿದ್ದವರು ಹೆಚ್ಚಾಗಿ ಸಣ್ಣ ಅಂಗಡಿಗಳವರು. ರೆನಾಲ್ಡ್ಸಿನ ಸಾಧನ ಮುಚ್ಚಿದ ಮಾದರಿಯದು.

2015ರಲ್ಲಿ "ಜೂಲ್" ಬಂತು. ಸ್ಟ್ಯಾನ್‌ಫರ್ಡಿನಲ್ಲಿ ಓದಿದ ಆಡಂ ಬೋವೆನ್ ಮತ್ತು ಜೇಮ್ಸ್ ಮಾನ್ಸೀಸ್ ಎಂಬಿಬ್ಬರ ಕೃತಿ ಅದು. ನಿಕೋಟಿನನ್ನು ಲವಣದ ರೂಪಕ್ಕೆ ತಂದದ್ದರಿಂದ ಗಂಟಲು ಉರಿಯದೆ ಹೆಚ್ಚು ನಿಕೋಟಿನ್ ಒಳಗೆ ಹೋಗುತ್ತಿತ್ತು. ನೋಡಲು ಥೇಟು ಪೆನ್ ಡ್ರೈವ್. ಅಮೇರಿಕದ ಪ್ರೌಢಶಾಲೆಗಳಲ್ಲಿ ಇ-ಸಿಗರೇಟು ಬಳಸುವವರು 2017ರಲ್ಲಿ ಶೇಕಡಾ 11.7 ಇದ್ದದ್ದು 2018ರಲ್ಲಿ 20.8, 2019ರಲ್ಲಿ 27.5 ಆಯಿತು.

2018ರ ಅಕ್ಟೋಬರಿನಲ್ಲಿ ಆಲ್ಟ್ರಿಯಾ ಇಲಾಖೆಗೆ ಪತ್ರ ಬರೆದು, ಇಂಥ ಪಾಡ್ ಮಾದರಿಯ ಸರಕುಗಳೇ ಹುಡುಗರ ಚಟಕ್ಕೆ ಬಹುಮಟ್ಟಿಗೆ ಕಾರಣವೆಂದು ತಾನು ನಂಬುವುದಾಗಿ ಹೇಳಿ, ತನ್ನವನ್ನು ಪೇಟೆಯಿಂದ ತೆಗೆಯಿತು. ಓದಿದವರು ಭೇಷ್ ಎಂದಿರಬೇಕು. ಎರಡು ತಿಂಗಳೂ ಕಳೆದಿರಲಿಲ್ಲ. ಡಿಸೆಂಬರ್ 20ರಂದು ಅದೇ ಆಲ್ಟ್ರಿಯಾ 1,280 ಕೋಟಿ ಡಾಲರು ಸುರಿದು ಜೂಲಿನ ಶೇಕಡಾ 35 ಪಾಲನ್ನು ಕೊಂಡಿತು!

ಆ ಹಣ ದಕ್ಕಲಿಲ್ಲವೆಂಬುದು ಬೇರೆ ಮಾತು. ಜೂಲಿನ ಮೇಲೆ ಮೊಕದ್ದಮೆಗಳ ಮಳೆ ಸುರಿದು, 2022ರ ಕೊನೆಗೆ ಆ ಪಾಲಿನ ಬೆಲೆ ಸುಮಾರು 25 ಕೋಟಿ ಡಾಲರಿಗೆ ಇಳಿದಿತ್ತು. 2023ರಲ್ಲಿ ಆಲ್ಟ್ರಿಯಾ ಅದನ್ನು ಕೈಬಿಟ್ಟು, ಸುಮಾರು 275 ಕೋಟಿ ಡಾಲರಿಗೆ "ಎನ್‌ಜಾಯ್" ಎಂಬ ಇನ್ನೊಂದು ಇ-ಸಿಗರೇಟು ಕಂಪೆನಿಯನ್ನು ಕೊಂಡಿತು. ಇತ್ತ 2020ರಲ್ಲಿ ಸರಕಾರ ಪರಿಮಳದ ಪಾಡ್‌ಗಳನ್ನು ತಡೆದರೂ, ಬಳಸಿ ಎಸೆಯುವ ಸಾಧನಗಳನ್ನು ಅದರಿಂದ ಹೊರಗಿಟ್ಟಿತು. ಹುಡುಗರು ಅತ್ತ ಹರಿದರು.

ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಮೂವತ್ತು ವರ್ಷ ಸಿಗರೇಟು ಸೇದಿ ಬಿಡಲಾರದವನಿಗೆ ಹೊಗೆಗಿಂತ ಆವಿ ಬಹಳ ಕಡಿಮೆ ಕೆಡುಕು ಎಂಬುದನ್ನು ಹೆಚ್ಚಿನ ತಜ್ಞರು ಒಪ್ಪುತ್ತಾರೆ. ಬ್ರಿಟನ್ನಿನ ಆರೋಗ್ಯ ಇಲಾಖೆಯ ಸಂಸ್ಥೆ 2015ರಲ್ಲಿ ಶೇಕಡಾ 95ರಷ್ಟು ಕಡಿಮೆ ಎಂದಿತು. ಆ ಅಂಕಿಯ ಆಧಾರವನ್ನು ಹಲವರು ಪ್ರಶ್ನಿಸಿದ್ದಾರೆ. ಅಲ್ಲಿ ದ್ರವದ ನಿಕೋಟಿನಿಗೆ ಮಿಲಿಲೀಟರಿಗೆ 20 ಮಿಲಿಗ್ರಾಮಿನ ಮಿತಿಯಿದೆ. ಅಮೇರಿಕದ ಜೂಲಿನಲ್ಲಿ ಅದರ ಸುಮಾರು ಮೂರರಷ್ಟಿತ್ತು. ಆ ಬ್ರಿಟನ್ನಿನಲ್ಲಿಯೂ ಮಕ್ಕಳ ಕೈಗೆ ಹೋಗುತ್ತಿದೆಯೆಂದು 2025ರ ಜೂನ್ 1ರಿಂದ ಬಳಸಿ ಎಸೆಯುವ ಮಾದರಿಯ ಮಾರಾಟವನ್ನು ನಿಷೇಧಿಸಿದ್ದಾರೆ. ಅಪ್ಪನಿಗೆ ಊರುಗೋಲಾಗಬಹುದಾದ್ದು ಮಗನಿಗೆ ಕಾಲ್ತೊಡಕು. ತೊಡಕು ಇರುವುದೇ ಇಲ್ಲಿ.

ಇನ್ನು ನಮ್ಮ ದೇಶ. ಕರ್ನಾಟಕ ಸರಕಾರ 2016ರಲ್ಲಿಯೇ ಇ-ಸಿಗರೇಟನ್ನು ನಿಷೇಧಿಸಿತ್ತು. 2019ರ ಸೆಪ್ಟೆಂಬರ್ 18ರಂದು ಕೇಂದ್ರ ಸರಕಾರ ಸುಗ್ರೀವಾಜ್ಞೆ ತಂದು, ಡಿಸೆಂಬರಿನಲ್ಲಿ ಕಾಯಿದೆ ಮಾಡಿತು. ತಯಾರಿಕೆ, ಆಮದು, ಮಾರಾಟ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲಕ್ಕೆ ಒಂದು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಸೇದುವವನಿಗೆ ಮಾತ್ರ ಶಿಕ್ಷೆಯಿಲ್ಲ. ಅಂದು ಷೇರುಪೇಟೆಯಲ್ಲಿ ಐ.ಟಿ.ಸಿ., ಗಾಡ್‌ಫ್ರೆ ಫಿಲಿಪ್ಸ್ ಮೊದಲಾದ ಸಿಗರೇಟು ಕಂಪೆನಿಗಳ ಷೇರು ಏರಿತು. 1910ರಲ್ಲಿ ಕಲಕತ್ತೆಯಲ್ಲಿ ಇಂಪೀರಿಯಲ್ ಟೊಬ್ಯಾಕೊ ಎಂಬ ಹೆಸರಿನಲ್ಲಿ ಹುಟ್ಟಿದ ಐ.ಟಿ.ಸಿ.ಯಲ್ಲಿ ನಮ್ಮ ನಿಮ್ಮ ಜೀವವಿಮಾ ನಿಗಮದ್ದೂ ದೊಡ್ಡ ಪಾಲಿದೆ ಎಂಬುದು ಎಷ್ಟು ಜನರಿಗೆ ಗೊತ್ತು?

ಮಕ್ಕಳ ದೃಷ್ಟಿಯಿಂದ ನಿಷೇಧ ತಪ್ಪೆಂದು ನಾನು ಹೇಳಲಾರೆ. ಆದರೆ ಹಳೆಯದರ ಗತಿ ನೋಡಿ. ಪೊಟ್ಟಣದ ಶೇಕಡಾ 85 ಭಾಗದಲ್ಲಿ ಎಚ್ಚರಿಕೆಯ ಚಿತ್ರವಿರಬೇಕೆಂದು 2016ರಲ್ಲಿ ನಿಯಮ ಬಂದಾಗ ದೊಡ್ಡ ಕಂಪೆನಿಗಳು ಕಾರ್ಖಾನೆಗಳನ್ನೇ ಕೆಲಕಾಲ ನಿಲ್ಲಿಸಿದವು. ಮೊಕದ್ದಮೆ ನಮ್ಮ ಕರ್ನಾಟಕದ ಹೈಕೋರ್ಟಿಗೆ ಬಂದು, 2017ರ ಡಿಸೆಂಬರಿನಲ್ಲಿ ನಿಯಮ ರದ್ದಾಯಿತು. ಮುಂದಿನ ತಿಂಗಳೇ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆಯಾಜ್ಞೆ ಕೊಟ್ಟಿದ್ದರಿಂದ ಆ ಚಿತ್ರ ಉಳಿಯಿತು. ಚಿತ್ರವೊಂದಕ್ಕೆ ಇಷ್ಟು ಕಾದಾಟ! ಹೊಸದಕ್ಕೆ ಒಂದೇ ದಿನದಲ್ಲಿ ನಿಷೇಧ. ಹಳೆಯದು ಪ್ರತಿ ರಸ್ತೆಯ ಮೂಲೆಯ ಪಾನ್ ಅಂಗಡಿಯಲ್ಲಿ ಬಿಡಿಬಿಡಿಯಾಗಿ ಸಿಗುತ್ತದೆ. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ವಯಸ್ಕರಲ್ಲಿ ಶೇಕಡಾ 28.6 ಜನ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಅವರಲ್ಲಿ ಬಹುಪಾಲು ಅಗಿಯುವವರು.

ಈ ಕಥೆಯಿಂದ ನನಗೆ ಕಂಡದ್ದಿಷ್ಟು. ತಂಬಾಕಿನ ಕಂಪೆನಿ ಕಾನೂನನ್ನು ಯಾವಾಗಲೂ ವಿರೋಧಿಸುತ್ತದೆಂಬುದು ಪೂರ್ತಿ ನಿಜವಲ್ಲ. ತನಗೆ ಬೇಲಿಯಾಗುವ ಕಾನೂನನ್ನು ಅದು ತಾನೇ ಮುಂದೆ ನಿಂತು ಬೆಂಬಲಿಸಿದ್ದೂ ಉಂಟು. ಆದ್ದರಿಂದ ಯಾವ ಹೊಸ ನಿಯಮ ಬಂದರೂ, ಇದರಿಂದ ಪೇಟೆಯಲ್ಲಿ ಉಳಿಯುವವರು ಯಾರು ಎಂದು ಕೇಳುವುದು ಒಳ್ಳೆಯದು.

ಆ ತಾಯಿಗೆ ನಾನು ಕೊನೆಗೆ ಹೇಳಿದ್ದು ಇದನ್ನೇ. ಹುಡುಗನನ್ನು ಹೊಡೆಯಬೇಡಿ, ಪೊಲೀಸರ ಭಯವನ್ನೂ ಹಾಕಬೇಡಿ. 1954ರ ಜಾಹೀರಾತಿನಿಂದ ಮೊದಲುಮಾಡಿ ಈ ಕಥೆಯನ್ನು ಅವನಿಗೆ ಹೇಳಿ. ಹದಿನಾರರ ಹುಡುಗ ಅಪ್ಪಅಮ್ಮನ ಮಾತನ್ನು ಕೇಳದೆ ಇರಬಹುದು. ಯಾರೋ ತನ್ನನ್ನು ಮರುಳು ಮಾಡಿದರೆಂದು ತಿಳಿದರೆ ಮಾತ್ರ ಅವನು ಸಹಿಸುವುದಿಲ್ಲ. ಮುಂದಿನ ವಾರ ಆತ ತರಗತಿಗೆ ಬಂದಿದ್ದ. ಆ ಏಳು ಜನ ನಿಜವಾಗಿಯೂ ಪ್ರಮಾಣ ಮಾಡಿಯೇ ಹಾಗೆ ಹೇಳಿದರೇ ಎಂದು ನನ್ನನ್ನು ಕೇಳಿದ. ಹೌದಪ್ಪ, ಬಲಗೈ ಎತ್ತಿ ಹೇಳಿದರು ಎಂದೆ.