ಒಂದು ಹೊಳೆ, ಮೂರು ಕಸುಬು: ಇಟಲಿಯ ಫಾಬ್ರಿಯಾನೊ ಊರಿನ ಕಥೆ

ಸುವರ್ಣ ಮಹೋತ್ಸವದ ಸಂಚಿಕೆಗೆ ಚರಿತ್ರೆಯ ಲೇಖನವೊಂದು ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ನಮ್ಮ ಊರಿನ ಮತ್ತು ಶಾಲೆಯ ಚರಿತ್ರೆಯನ್ನು ನನಗಿಂತ ಚೆನ್ನಾಗಿ ಬಲ್ಲ ಹಿರಿಯರು ಈ ಸಂಚಿಕೆಯಲ್ಲಿ ಬರೆಯುತ್ತಿದ್ದಾರೆ. ಹಾಗಾಗಿ ನಾನು ದೂರದ ಒಂದು ಊರಿನ ಕಥೆ ಹೇಳಲು ಹೊರಟಿದ್ದೇನೆ. ದೂರದ್ದಾದರೂ ಶಾಲೆಗೆ ಸಂಬಂಧವಿಲ್ಲದ ಕಥೆಯಲ್ಲ. ಏಕೆಂದರೆ ಅದು ಕಾಗದ ಮಾಡಿದ ಊರು.

ಮೊದಲು ಒಂದು ಕೆಲಸ ಮಾಡಿ. ಜೇಬಿನಲ್ಲಿರುವ ನೂರು ರೂಪಾಯಿಯ ನೋಟನ್ನು ಬೆಳಕಿಗೆ ಹಿಡಿಯಿರಿ. ಖಾಲಿ ಕಾಣುವ ಜಾಗದಲ್ಲಿ ಗಾಂಧೀಜಿಯವರ ಮುಖ ಮೂಡುತ್ತದೆ. ಅದನ್ನು ಶಾಯಿಯಿಂದ ಅಚ್ಚು ಹಾಕಿಲ್ಲ, ಕಾಗದ ತಯಾರಾಗುವಾಗಲೇ ಅದರೊಳಗೆ ಸೇರಿಸಿದ್ದಾರೆ. ಇದಕ್ಕೆ ವಾಟರ್‌ಮಾರ್ಕ್ ಎನ್ನುತ್ತಾರೆ. ನೋಟಿನ ಕಾಗದ ಮಾಡುವ ಕಾರ್ಖಾನೆ ಈಗ ನಮ್ಮ ಮೈಸೂರಿನಲ್ಲೂ ಇದೆ. ಆದರೆ ಕಾಗದದೊಳಗೆ ಗುರುತು ಅಡಗಿಸುವ ಈ ವಿದ್ಯೆ ಹುಟ್ಟಿದ್ದು ಏಳು ನೂರು ವರ್ಷಗಳಿಗೂ ಹಿಂದೆ, ಇಟಲಿಯ ಫಾಬ್ರಿಯಾನೊ ಎಂಬ ಸಣ್ಣ ಊರಿನಲ್ಲಿ.

ಫಾಬ್ರಿಯಾನೊ ಇರುವುದು ಮಧ್ಯ ಇಟಲಿಯ ಮಾರ್ಕೆ ಪ್ರಾಂತ್ಯದಲ್ಲಿ, ಅಪೆನ್ನೈನ್ ಬೆಟ್ಟಗಳ ನಡುವೆ. ಇಂದಿಗೂ ಅದು 30 ಸಾವಿರದ ಆಸುಪಾಸಿನ ಜನಸಂಖ್ಯೆಯ ಊರು. ಅದರ ಮಗ್ಗುಲಲ್ಲಿ ಹರಿಯುವ ಜಾನೊ ಎಂಬುದು ದೊಡ್ಡ ನದಿಯೇನಲ್ಲ, ನಮ್ಮ ಕಡೆಯವರಾದರೆ ಹೊಳೆ ಎಂದೇ ಕರೆದಾರು. ಆ ಹೊಳೆಯ ನೀರನ್ನು ನೆಚ್ಚಿಕೊಂಡು ಅಲ್ಲಿ ಹಲವು ಕಸುಬಿನವರು ಬಾಳುತ್ತಿದ್ದರು. ಉಣ್ಣೆ ಬಟ್ಟೆಯನ್ನು ನೀರಿನಲ್ಲಿ ಕುಟ್ಟಿ ಗಟ್ಟಿ ಮಾಡುವವರಿದ್ದರು, ಚರ್ಮ ಹದ ಮಾಡುವವರಿದ್ದರು, ಕಬ್ಬಿಣದ ಕೆಲಸ ಮಾಡುವ ಕಮ್ಮಾರರಿದ್ದರು. ಆ ಊರಿನ ಲಾಂಛನದಲ್ಲಿ ಇಂದಿಗೂ ಇರುವುದು ಸುತ್ತಿಗೆ ಹಿಡಿದ ಕಮ್ಮಾರನೇ.

ಕಾಗದ ಅವರ ಸ್ವಂತ ಆವಿಷ್ಕಾರವಲ್ಲ. ಅದು ಚೀನಾದಲ್ಲಿ ಹುಟ್ಟಿ, ಅರಬ್ಬರ ಕೈ ಸೇರಿ, ಮೆಡಿಟರೇನಿಯನ್ ತೀರಕ್ಕೆ ಬಂದ ವಿದ್ಯೆ. ನಮ್ಮವರು ತಾಳೆಗರಿಯ ಮೇಲೆ ಬರೆಯುತ್ತಿದ್ದ ಹಾಗೆ ಯುರೋಪಿನವರು ಕುರಿ, ಕರುಗಳ ಚರ್ಮದ ಹಾಳೆಯ ಮೇಲೆ ಬರೆಯುತ್ತಿದ್ದರು. ಕಾಗದ ಅಗ್ಗ ನಿಜ, ಆದರೆ ಬಾಳಿಕೆ ಬರುವುದಿಲ್ಲ ಎಂಬ ದೂರು ಅದರ ಮೇಲಿತ್ತು. 1231ರಲ್ಲಿ ಚಕ್ರವರ್ತಿ ಎರಡನೆಯ ಫ್ರೆಡರಿಕ್ ತನ್ನ ದಕ್ಷಿಣ ಇಟಲಿಯ ರಾಜ್ಯದಲ್ಲಿ ಸರ್ಕಾರಿ ದಸ್ತಾವೇಜುಗಳನ್ನು ಕಾಗದದ ಮೇಲೆ ಬರೆಯಕೂಡದೆಂದು ಕಟ್ಟಳೆ ಮಾಡಿದ್ದ.

ಈ ದೂರಿಗೆ ಪರಿಹಾರ ಸಿಕ್ಕಿದ್ದು ಫಾಬ್ರಿಯಾನೊದಲ್ಲಿ, ಅದೇ 13ನೆಯ ಶತಮಾನದಲ್ಲಿ. ಹೇಗೆಂದು ನೋಡಿದರೆ ಸೋಜಿಗವಾಗುತ್ತದೆ.

ಆಗ ಕಾಗದ ಮಾಡುತ್ತಿದ್ದುದು ಹಳೆಯ ನಾರುಬಟ್ಟೆಯ ಚಿಂದಿಯಿಂದ. ಚಿಂದಿಯನ್ನು ನೆನೆಸಿ, ಕುಟ್ಟಿ, ಹಿಟ್ಟಿನ ಹಾಗೆ ನುಣ್ಣಗೆ ಮಾಡಬೇಕು. ಅರಬ್ಬರು ಇದಕ್ಕೆ ಒರಳನ್ನೂ ಬೀಸುಕಲ್ಲನ್ನೂ ಬಳಸುತ್ತಿದ್ದರು. ಫಾಬ್ರಿಯಾನೊದವರು ಉಣ್ಣೆ ಕುಟ್ಟುವವರಲ್ಲಿ ಆಗಲೇ ಇದ್ದ ನೀರಿನ ಯಂತ್ರವನ್ನು ತಂದರು. ಹೊಳೆಯ ನೀರು ಚಕ್ರವನ್ನು ತಿರುಗಿಸುತ್ತದೆ, ಚಕ್ರ ಸಾಲು ಒನಕೆಗಳನ್ನು ಎತ್ತಿ ಎತ್ತಿ ಹಾಕುತ್ತದೆ. ಒನಕೆಯ ತಲೆಗೆ ಕಬ್ಬಿಣದ ಮೊಳೆ ಹೊಡೆದುಕೊಟ್ಟವರು ಕಮ್ಮಾರರು. ಇದು ಮೊದಲನೆಯ ಸುಧಾರಣೆ.

ಶಾಯಿ ಹರಡದಂತೆ ಕಾಗದಕ್ಕೆ ಏನನ್ನಾದರೂ ಸವರಬೇಕು. ಅರಬ್ಬರು ಗಂಜಿ ಸವರುತ್ತಿದ್ದರು. ಗಂಜಿ ಹಾಕಿದ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ, ಹುಳು ಬೀಳುತ್ತದೆ. ಚಕ್ರವರ್ತಿಯ ಸಂಶಯಕ್ಕೆ ಕಾರಣವಾದ ದೋಷ ಇಂಥದೇ. ಫಾಬ್ರಿಯಾನೊದಲ್ಲಿ ಚರ್ಮ ಹದ ಮಾಡುವವರ ಅಂಗಳದಲ್ಲಿ ಉಳಿದ ತೊಗಲಿನ ಚೂರುಗಳನ್ನು ಕುದಿಸಿ ಅಂಟು ತೆಗೆದರು. ಆ ಅಂಟಿನಲ್ಲಿ ಅದ್ದಿ ಒಣಗಿಸಿದ ಹಾಳೆ ಗಟ್ಟಿಯಾಯಿತು, ಶತಮಾನಗಳ ಕಾಲ ಉಳಿಯಿತು. ಇದು ಎರಡನೆಯದು.

ಮೂರನೆಯದೇ ವಾಟರ್‌ಮಾರ್ಕ್. ತಿಳಿಯನ್ನು ಜರಡಿಯಲ್ಲಿ ಎತ್ತಿದಾಗ ನೀರು ಸೋರಿ ಹಾಳೆ ಉಳಿಯುತ್ತದೆ. ಆ ಜರಡಿಯ ಮೇಲೆ ತಂತಿಯನ್ನು ಬಾಗಿಸಿ ಒಂದು ಚಿತ್ರ ಕಟ್ಟಿದರೆ, ತಂತಿಯಿರುವ ಕಡೆ ಹಾಳೆ ತೆಳುವಾಗಿ, ಬೆಳಕಿಗೆ ಹಿಡಿದಾಗ ಚಿತ್ರ ಕಾಣುತ್ತದೆ. 1282ರ ಸುಮಾರಿನಿಂದ ಇಂಥ ಗುರುತುಗಳು ಸಿಗುತ್ತವೆ. ಕಾಗದ ಯಾರದು, ಗುಣ ಎಂಥದು ಎಂದು ಕೊಳ್ಳುವವನಿಗೆ ಹೇಳುವ ಮುದ್ರೆ ಅದು. ಮುಂದಿನ ಶತಮಾನದ ಪ್ರಸಿದ್ಧ ನ್ಯಾಯಶಾಸ್ತ್ರಜ್ಞ ಬಾರ್ತೊಲೊ, ಗುರುತುಗಳ ಹಕ್ಕಿನ ಬಗ್ಗೆ ಬರೆಯುವಾಗ ಈ ಊರಿನ ಕಾಗದದ ಗುರುತುಗಳನ್ನೇ ಉದಾಹರಿಸಿದ್ದಾನೆ.

ಹೀಗೆ ಉಣ್ಣೆಯವರ ಒನಕೆ, ಚರ್ಮದವರ ಅಂಟು, ಕಮ್ಮಾರರ ತಂತಿ, ಈ ಮೂರೂ ಒಂದೇ ಹೊಳೆಯ ದಡದಲ್ಲಿ ಕೂಡಿದವು. ನೀರು ಹರಿಯುವ ಊರುಗಳು ಇಟಲಿಯಲ್ಲಿ ನೂರಾರು ಇದ್ದವು. ಅಕ್ಕಪಕ್ಕದ ಕಸುಬಿನವರು ಒಬ್ಬರ ವಿದ್ಯೆಯನ್ನು ಇನ್ನೊಬ್ಬರು ಕಲಿತದ್ದು ಫಾಬ್ರಿಯಾನೊದ ಹೆಚ್ಚುಗಾರಿಕೆ. ಅಲ್ಲಿನ ಕಾಗದ ವ್ಯಾಪಾರಿಗಳ ಮೂಲಕ ಯುರೋಪಿನ ಪೇಟೆಗಳಿಗೆ ಹೋಯಿತು.

ಲಾಭ ಬಂದಾಗ ಬಚ್ಚಿಡುವ ಬುದ್ಧಿಯೂ ಬಂತು. 15ನೆಯ ಶತಮಾನದಲ್ಲಿ ಊರಿನ ಆಡಳಿತದವರು ಈ ಕಸುಬನ್ನು ಹೊರಗಿನವರಿಗೆ ಕಲಿಸಕೂಡದೆಂದು ಕಟ್ಟಳೆ ತಂದರು. ಅದು ಫಲ ಕೊಡಲಿಲ್ಲ. ಕುಶಲಿಗಳು ಬೇರೆ ಊರುಗಳಿಗೆ ಹೋಗಿ ನೆಲೆಸಿದರು, ವಿದ್ಯೆ ಯುರೋಪಿನಾದ್ಯಂತ ಹಬ್ಬಿತು. ಫಾಬ್ರಿಯಾನೊದ ಕಾಗದದ ಗಿರಣಿಗಳು ಕಾಲಕ್ರಮದಲ್ಲಿ ಸೊರಗಿದವು. 1782ರಲ್ಲಿ ಪಿಯೆತ್ರೊ ಮಿಲಿಯಾನಿ ಎಂಬಾತ ಗಿರಣಿ ಆರಂಭಿಸಿ ಕಸುಬಿಗೆ ಮತ್ತೆ ಜೀವ ತುಂಬಿದ. ಮುಂದೆ ಚಿತ್ರಕಾರರ ಕಾಗದಕ್ಕೂ ನೋಟಿನ ಕಾಗದಕ್ಕೂ ಊರಿನ ಹೆಸರು ಅಂಟಿಕೊಂಡಿತು.

20ನೆಯ ಶತಮಾನದಲ್ಲಿ ಇನ್ನೊಂದು ಅಧ್ಯಾಯ. 1930ರಲ್ಲಿ ಅರಿಸ್ತಿದೆ ಮೆರ್ಲೋನಿ ಇಲ್ಲಿ ತೂಕದ ಯಂತ್ರಗಳ ತಯಾರಿಕೆ ಶುರುಮಾಡಿದರು. ಯುದ್ಧದ ನಂತರ ಅದು ಗ್ಯಾಸ್ ಸಿಲಿಂಡರ್, ನೀರು ಕಾಯಿಸುವ ಹಂಡೆ, ಫ್ರಿಜ್‌ಗಳವರೆಗೆ ಬೆಳೆಯಿತು. ಅವರು ಕಾರ್ಖಾನೆಯನ್ನೆಲ್ಲ ಒಂದೇ ಕಡೆ ಕಟ್ಟದೆ, ಸಣ್ಣ ಘಟಕಗಳನ್ನು ಸುತ್ತಲಿನ ಹಳ್ಳಿಗಳಿಗೆ ಹಂಚಿದರು. ರೈತ ಹೊಲ ಮನೆ ಬಿಟ್ಟು ಪಟ್ಟಣಕ್ಕೆ ವಲಸೆ ಹೋಗಬಾರದು ಎಂಬುದು ಅವರ ಹಂಬಲ. ಪಾಳಿ ಮುಗಿಸಿ ಹೊಲಕ್ಕಿಳಿಯುವ ಇಂಥ ಕೆಲಸಗಾರರಿಗೆ ಇಟಲಿಯಲ್ಲಿ 'ಲೋಹದ ಗೇಣಿದಾರರು' ಎಂಬರ್ಥದ ಹೆಸರೇ ಹುಟ್ಟಿತು.

ಆದರೆ ಒಂದೇ ಆಸರೆಗೆ ಜೋತುಬಿದ್ದ ಊರಿಗೆ ಅಪಾಯ ತಪ್ಪಿದ್ದಲ್ಲ. 2008ರ ಆರ್ಥಿಕ ಕುಸಿತದ ನಂತರ ಆ ಉದ್ಯಮ ತತ್ತರಿಸಿತು. 2014ರಲ್ಲಿ ಇಂಡೆಸಿಟ್ ಕಂಪನಿ ಅಮೆರಿಕದ ವರ್ಲ್‌ಪೂಲ್ ಪಾಲಾಯಿತು. ಅದಕ್ಕೂ ಮೊದಲೇ ಕಾಗದದ ಕಾರ್ಖಾನೆ ಹೊರಗಿನ ಸಂಸ್ಥೆಯ ಕೈ ಸೇರಿತ್ತು. 2024ರಲ್ಲಿ ಕಚೇರಿ ಬಳಕೆಯ ಕಾಗದದ ತಯಾರಿಕೆ ನಿಲ್ಲಿಸುವುದಾಗಿ ಮಾಲೀಕರು ಪ್ರಕಟಿಸಿದರು. ದುಡಿಮೆ ಹುಡುಕಿ ಊರು ಬಿಡುವ ಹುಡುಗರ ಚಿಂತೆ ಅಲ್ಲಿನ ತಂದೆತಾಯಿಗಳಿಗೂ ಇದೆ. ಈ ಸಂಚಿಕೆಯನ್ನು ಬೆಂಗಳೂರಿನಲ್ಲೋ ದುಬೈಯಲ್ಲೋ ಕುಳಿತು ಓದುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟಾದರೂ ಕೈಯಿಂದ ಕಾಗದ ಎತ್ತುವ ವಿದ್ಯೆ ಆ ಊರಿನಲ್ಲಿ ಅಳಿದಿಲ್ಲ. ಹಳೆಯ ಸಂನ್ಯಾಸಿ ಮಠವೊಂದನ್ನು ಕಾಗದದ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಅಲ್ಲಿ ನೀರಿನ ಒನಕೆಗಳ ಏತವನ್ನು ಕಣ್ಣಾರೆ ನೋಡಬಹುದು, ಬಂದ ಮಕ್ಕಳು ತಾವೇ ಜರಡಿ ಅದ್ದಿ ಹಾಳೆ ಎತ್ತಬಹುದು. 2013ರಲ್ಲಿ ಯುನೆಸ್ಕೊ ಈ ಊರನ್ನು ಕರಕುಶಲ ಕಲೆಯ ಸೃಜನಶೀಲ ನಗರಗಳ ಸಾಲಿಗೆ ಸೇರಿಸಿತು.

ಕಾರ್ಖಾನೆಗಳು ಬಂದವು, ಹೋದವು, ಮಾಲೀಕರು ಬದಲಾದರು. ಏಳು ಶತಮಾನ ಉಳಿದದ್ದು ಒಬ್ಬರಿಂದ ಒಬ್ಬರಿಗೆ ಕಲಿಸಿದ ವಿದ್ಯೆ ಮಾತ್ರ. ಕಲಿಸಬೇಡಿ ಎಂದ ಕಟ್ಟಳೆ ಕಡತ ಸೇರಿತು, ಕಲಿಸಿದವರ ಕೆಲಸ ಇಂದಿಗೂ ನಮ್ಮ ಜೇಬಿನ ನೋಟಿನಲ್ಲಿದೆ. ಕೊಟ್ಟಷ್ಟೂ ಹೆಚ್ಚುವುದು ವಿದ್ಯೆ ಎಂದು ನಮ್ಮ ಹಿರಿಯರು ಹೇಳಿದ್ದು ಇದನ್ನೇ. ಐವತ್ತು ವರ್ಷಗಳಿಂದ ಈ ಶಾಲೆ ಮಾಡಿಕೊಂಡು ಬಂದಿರುವುದೂ ಅದೇ ಕೆಲಸ. ಊರು ಬಿಟ್ಟು ಹೋದವರು ಹೊರಗೆ ಕಲಿತದ್ದನ್ನು ವರ್ಷಕ್ಕೊಮ್ಮೆಯಾದರೂ ಇಲ್ಲಿಗೆ ಬಂದು ಇಲ್ಲಿನ ಮಕ್ಕಳಿಗೆ ಹೇಳಿಕೊಡಲಿ ಎಂಬುದು ನನ್ನ ಅರಿಕೆ.